ಕಾಫಿ ಕುಡಿಯುವುದು ದುಂದುಗಾರಿಕೆಯೇ?

ಮೊನ್ನೆ ನಮ್ಮೂರಿನ ಒಂದು ಸಭೆಯಲ್ಲಿ ದೊಡ್ಡ ಮನುಷ್ಯರೊಬ್ಬರು ಕೂಲಿಕಾರರಿಗೆ ಉಳಿತಾಯದ ಬುದ್ಧಿ ಹೇಳಿದರು. "ದಿನಕ್ಕೆ ಮೂರು ಸಲ ಹೋಟೆಲಿಗೆ ನುಗ್ಗುತ್ತೀರಿ, ಕಾಫಿಗೆ ದುಡ್ಡು ಸುರಿಯುತ್ತೀರಿ, ಆಮೇಲೆ ಸಂಬಳ ಸಾಲದೆಂದು ಕೂಗುತ್ತೀರಿ" ಎಂದರು. ಭಾಷಣ ಮುಗಿದೊಡನೆ ವೇದಿಕೆಯ ಮೇಲಿದ್ದವರಿಗೆಲ್ಲ ಕಾಫಿ ಬಂತು. ಕೆಳಗೆ ಕುಳಿತವರಿಗೆ ಬರಲಿಲ್ಲ. ಅಲ್ಲಿ ನನಗೆ ಮಾತಾಡುವ ಅವಕಾಶ ಸಿಗಲಿಲ್ಲ. ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಫಿ ಇಲ್ಲದೆ ಮನುಷ್ಯ ಬದುಕಲಾರನೇ? ಬದುಕಬಲ್ಲ. ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲವೆಂದು ಗಾಂಧೀಜಿಯವರು ತಮ್ಮ ಆರೋಗ್ಯದ ಪುಸ್ತಕದಲ್ಲಿ ಬರೆದರು. ಬರೆದಂತೆ ನಡೆದವರ ಮಾತಿಗೆ ಗೌರವ ಕೊಡೋಣ. ಕೈಯಲ್ಲಿ ಲೋಟ ಹಿಡಿದುಕೊಂಡು ನಮಗೆ ವೈರಾಗ್ಯ ಬೋಧಿಸುವವರಿಗೆ ಮಾತ್ರ ಎರಡು ಮಾತು ಹೇಳಲೇಬೇಕು. ಉಳುವ ಎತ್ತನ್ನೂ ರೈತ ನಡುನಡುವೆ ನೊಗ ಇಳಿಸಿ ಮರದ ನೆರಳಿಗೆ ಕಟ್ಟುತ್ತಾನೆ. ಆ ನೆರಳು ದುಂದು ಎಂದು ಯಾರೂ ಹೇಳುವುದಿಲ್ಲ.

ಬೆಳಗಿನ ಪಾಳಿಗೆ ಹೋಗುವವನು ಕತ್ತಲಿರುವಾಗಲೇ ಏಳುತ್ತಾನೆ. ಫಿಲ್ಟರ್ ಇರುವ ಮನೆಯಲ್ಲಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತಿರುತ್ತದೆ. ಇಲ್ಲದ ಮನೆಯಲ್ಲಿ ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಾರೆ. ಹಾಲಿದ್ದರೆ ಹಾಲು, ಇಲ್ಲದಿದ್ದರೆ ಬೆಲ್ಲದ ಕಾಫಿ. ಪರಿಮಳ ಎದ್ದಿತೆಂದರೆ ಅರ್ಧ ನಿದ್ದೆ ಹೋಯಿತು. ಬಿಸಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮೊದಲ ಗುಟುಕು ಕುಡಿಯುವಾಗ ಅವನನ್ನು ಕೂಗಲು ಮೇಸ್ತ್ರಿಯಿಲ್ಲ, ಓಡಿಸಲು ಯಂತ್ರವಿಲ್ಲ. ಇಡೀ ದಿನದಲ್ಲಿ ಅವನದೇ ಎನ್ನಬಹುದಾದ ಐದು ನಿಮಿಷ ಅದು. ಅಂಗಡಿ ಬಾಗಿಲು ತೆರೆದು, ಕಸ ಗುಡಿಸಿ, ಬೋಣಿಗೆ ಕಾದು ಕುಳಿತ ಸಣ್ಣ ವ್ಯಾಪಾರಿಗೂ ಪಕ್ಕದ ಹೋಟೆಲಿನಿಂದ ಬರುವ ಕಾಫಿ ಅಂಥದೇ ಒಂದು ಧೈರ್ಯ.

ನಮ್ಮ ನಾಡಿನ ಹೋಟೆಲುಗಳಲ್ಲಿ "ಬೈ-ಟು" ಎಂಬ ಮಾತಿದೆ. ಒಂದು ಕಾಫಿ, ಎರಡು ಲೋಟ. ಜೇಬಿನಲ್ಲಿ ಒಂದಕ್ಕೆ ಸಾಲುವಷ್ಟೇ ಕಾಸಿದ್ದರೂ ಒಬ್ಬನೇ ಕುಡಿಯದೆ ಜೊತೆಗಾರನನ್ನು ಕರೆದು ಕೂರಿಸುವ ಈ ಪದ್ಧತಿಯನ್ನು ನಮ್ಮ ಜನಕ್ಕೆ ಯಾವ ಪಕ್ಷವೂ ಕಲಿಸಲಿಲ್ಲ. ಅರ್ಧ ಲೋಟ ಮುಗಿಯುವುದರೊಳಗೆ ಒಬ್ಬನ ಮಗುವಿನ ಜ್ವರ, ಇನ್ನೊಬ್ಬನ ಸಂಬಳದ ಕಡಿತ, ಇಬ್ಬರ ಸಾಲ ಎಲ್ಲವೂ ಮಾತಿಗೆ ಬರುತ್ತವೆ. ಸಂಘದ ಕಚೇರಿಗೆ ಬರಲು ಹೆದರುವವನೂ ಹೋಟೆಲಿನ ಬೆಂಚಿನ ಮೇಲೆ ಬಾಯಿ ಬಿಡುತ್ತಾನೆ. ಉಪದೇಶಕರಿಗೆ ಕಾಫಿಯ ಮೇಲೆ ಇಷ್ಟು ಕೋಪ ಬರಲು ಇದೂ ಒಂದು ಕಾರಣವಿರಬಹುದು!

ಇನ್ನು ಇತಿಹಾಸ. ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಕಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ಗೊತ್ತು. ಬಹುಕಾಲ ಇಲ್ಲಿ ಬೆಳೆದದ್ದು ಮುಖ್ಯವಾಗಿ ಹೊರದೇಶದವರ ಬಟ್ಟಲಿಗೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ ತೋಟದವರು ಕಂಗಾಲಾದರು. 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣೆಯ ಕಾಯಿದೆ ಬಂತು. ಈ ದೇಶದ ಜನಕ್ಕೆ ಕಾಫಿಯ ರುಚಿ ಹತ್ತಿಸಲೆಂದು ಕಾಫಿ ಮಂಡಳಿಯು ಊರೂರಲ್ಲಿ ಇಂಡಿಯಾ ಕಾಫಿ ಹೌಸುಗಳನ್ನು ನಡೆಸಿತು. ಬೆಳೆ ಉಳಿಯಬೇಕಾದಾಗ "ಕುಡಿಯಿರಿ" ಎಂದವರು, ಕೂಲಿ ಹೆಚ್ಚಿಸಿ ಎಂದೊಡನೆ "ಕುಡಿಯಬೇಡಿ" ಎನ್ನುವುದು ಯಾವ ನ್ಯಾಯ?

ಆದರೆ ನಾವು ಕುಡಿಯುವ ಕಾಫಿಯ ಸುಖ ಎಲ್ಲರಿಗೂ ಸಮನಾಗಿ ಸಿಗುತ್ತಿದೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಮೊದಲು ಮನೆಯಿಂದಲೇ ಆರಂಭಿಸೋಣ. ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹಚ್ಚುವವಳು ಹೆಂಡತಿ ಅಥವಾ ತಾಯಿ. ಗಟ್ಟಿ ಡಿಕಾಕ್ಷನ್ ಗಂಡಸರಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ ಆಕೆಗೆ, ಅದೂ ನಿಂತುಕೊಂಡೇ, ಆರಿದ ಮೇಲೆ. ಸಮಪಾಲು ಎಂದು ಮೆರವಣಿಗೆಯಲ್ಲಿ ಕೂಗುವ ನಾವು ಮನೆಯಲ್ಲಿ ಎಂದಾದರೂ ಬೈ-ಟು ಮಾಡಿದ್ದೇವೆಯೇ?

ಎರಡನೆಯದು ಜಾತಿ. ಹಿಂದೆ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದೇ ಬೇರೆ ಕೋಣೆ ಇರುತ್ತಿತ್ತು. ದಲಿತರಿಗೆ ಒಳಗೆ ಕಾಲಿಡಲು ಬಿಡುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅಲ್ಲಿನ ಪಾತ್ರೆಯನ್ನು ಬಳಸಲು ಬಿಡದಿರುವುದೂ ಅಪರಾಧವೆಂದಿತು. ಆದರೂ ಕೆಲವು ಹಳ್ಳಿಗಳಲ್ಲಿ ಎರಡು ಲೋಟದ ಪದ್ಧತಿ ಇನ್ನೂ ಸತ್ತಿಲ್ಲ. ಅಲ್ಲಿ ದಲಿತನ ಲೋಟ ಬೇರೆ, ಅದನ್ನು ತೊಳೆದಿಡಬೇಕಾದವನೂ ಅವನೇ. ಅಂಥ ಅಂಗಡಿಯ ಕಾಫಿ ಎಷ್ಟೇ ರುಚಿಯಾಗಿರಲಿ, ನಮ್ಮ ಸಂಘದ ಸದಸ್ಯನ ಗಂಟಲಲ್ಲಿ ಅದು ಇಳಿಯಬಾರದು.

ಮೂರನೆಯದು ತೋಟ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಬೆಳೆಯುವುದು ನಮ್ಮ ಕರ್ನಾಟಕದಲ್ಲೇ. ಒಂದು ಕಿಲೋ ಬೀಜಕ್ಕೆ ಐದಾರು ಕಿಲೋ ಹಣ್ಣು ಕೀಳಬೇಕು. ಚಳಿಯಲ್ಲಿ, ಇಳಿಜಾರಿನಲ್ಲಿ ನಿಂತು ಹಣ್ಣು ಬಿಡಿಸುವವರಲ್ಲಿ ಹೆಚ್ಚಿನವರು ಹೆಂಗಸರು; ಬಹಳ ಮಂದಿ ಲೈನುಮನೆಗಳಲ್ಲಿ ಇರುವವರು. 2025ರ ಫೆಬ್ರವರಿಯಲ್ಲಿ ಹೊರದೇಶದ ಪೇಟೆಯಲ್ಲಿ ಅರೇಬಿಕಾ ಧಾರಣೆ ಪೌಂಡಿಗೆ 4 ಡಾಲರ್ ದಾಟಿತು. ನಮ್ಮ ಕಾಫಿಪುಡಿಯ ಬೆಲೆಯೂ ಏರಿತು. ಹಣ್ಣು ಕಿತ್ತವಳ ಕೂಲಿ ಅದೇ ಪ್ರಮಾಣದಲ್ಲಿ ಏರಿತೇ? ಪುಡಿ ತುಟ್ಟಿಯಾಯಿತೆಂದು ಗೊಣಗುವಾಗ ಈ ಪ್ರಶ್ನೆಯನ್ನೂ ಕೇಳಬೇಕು.

ಇದೆಲ್ಲ ಸರಿಹೋಗುವ ಮಾತೇ ಎನ್ನುವವರಿಗೆ ಒಂದು ನಿದರ್ಶನ ಕೊಡುತ್ತೇನೆ. ಮೇಲೆ ಹೇಳಿದ ಕಾಫಿ ಹೌಸುಗಳನ್ನು 1950ರ ದಶಕದಲ್ಲಿ ಮಂಡಳಿಯು ಮುಚ್ಚತೊಡಗಿತು. ಬಡಿಸುವವರು, ಅಡಿಗೆಯವರು ಬೀದಿಪಾಲಾಗುವ ಕಾಲ ಬಂತು. ಅವರು ಭಿಕ್ಷೆ ಬೇಡಲಿಲ್ಲ. ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಗೋಪಾಲನ್ ಅವರು ಕಮ್ಯುನಿಸ್ಟರು. ಅವರ ಪಕ್ಷಕ್ಕೂ ನಮಗೂ ಭಿನ್ನಾಭಿಪ್ರಾಯಗಳು ಉಂಟು. ಆದರೆ ತಟ್ಟೆ ಹಿಡಿದ ನೌಕರನೇ ಗಲ್ಲಾದ ಒಡೆಯನೂ ಆದ ಆ ಕೆಲಸವನ್ನು ಮೆಚ್ಚದಿದ್ದರೆ ನಾವು ಸಮಾಜವಾದಿಗಳೆಂದು ಹೇಳಿಕೊಳ್ಳಬಾರದು.

ಗಿರಣಿಯ ಬಿಡುವೂ ಹಾಗೆಯೇ ಹೋರಾಡಿ ಪಡೆದದ್ದು. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಎಂದು 1948ರ ಕಾರ್ಖಾನೆ ಕಾಯಿದೆ ಬರೆಯಿತು. ದೊಡ್ಡ ಕಾರ್ಖಾನೆಗಳ ಕ್ಯಾಂಟೀನಿನ ಆಡಳಿತದಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೂ ಜಾಗವಿಟ್ಟಿತು. ಆ ಕಾಯಿದೆಯ ಜಾಗಕ್ಕೆ 2020ರಲ್ಲಿ ಸಂಸತ್ತು ಹೊಸ ಸಂಹಿತೆಯೊಂದನ್ನು ಅಂಗೀಕರಿಸಿತು. ಕಾಯಿದೆಯ ಹೆಸರು ಏನಾದರೂ ಆಗಲಿ, ಆ ಅರ್ಧ ಗಂಟೆಯಲ್ಲಿ ಒಂದು ನಿಮಿಷವನ್ನೂ ನಾವು ಬಿಟ್ಟುಕೊಡಬಾರದು. ಯಂತ್ರದ ಪಕ್ಕದಲ್ಲೇ ನಿಂತು ಗಟಗಟನೆ ಸುರಿದುಕೊಂಡ ಕಾಫಿಯನ್ನು ವಿರಾಮ ಎಂದು ಲೆಕ್ಕ ಬರೆಯಲು ಬಿಡಬಾರದು.

ಆದ್ದರಿಂದ ಗೆಳೆಯರೇ, ಕಾಫಿ ಕುಡಿಯಿರಿ, ನಾಚಿಕೆಪಡಬೇಡಿ. ಕುಳಿತು ಕುಡಿಯಿರಿ, ಹಂಚಿ ಕುಡಿಯಿರಿ. ನಾಳೆ ಬೆಳಗ್ಗೆ ಮನೆಯಲ್ಲಿ ಮೊದಲ ಡಿಕಾಕ್ಷನ್ನಿನ ಲೋಟವನ್ನು ಒಲೆ ಹಚ್ಚಿದವಳಿಗೆ ಕೊಟ್ಟು ನೋಡಿ. ಆ ದೊಡ್ಡ ಮನುಷ್ಯರಿಗೂ ನಮ್ಮ ಆಹ್ವಾನವಿದೆ. ಪಾಳಿ ಬಿಡುವ ಹೊತ್ತಿಗೆ ಗಿರಣಿ ಬಾಗಿಲ ಎದುರಿನ ಹೋಟೆಲಿಗೆ ಬರಲಿ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು ಬೈ-ಟು ಹೇಳುತ್ತೇವೆ. ಅವರ ಪಾಲಿನ ಕಾಸನ್ನೂ ನಾವೇ ಕೊಡುತ್ತೇವೆ.