ಕೋಡ್ ಇರಲಿ, ಸಹಿ ಮಾಡಿದ ಕಾಗದವೂ ಇರಲಿ

ಹೂಟಗಳ್ಳಿಯಂಥ ಕಡೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಅಲ್ಲಿಂದಲೇ ಕಾರ್ಖಾನೆಯ ಪಾಳಿಗೆ ಓಡುವವರಿಗೆ ಸಂಘದ ಕಾಗದ ಪತ್ರ ಓದಲು ಪುರಸೊತ್ತೆಲ್ಲಿ? ಹಾಗಾಗಿ ವಾರ್ಷಿಕ ಸರ್ವ ಸದಸ್ಯರ ಸಭೆಯ ವರದಿ ಮುದ್ರಿಸುವ ಬದಲು ಗೋಡೆಗೊಂದು ಕ್ಯೂಆರ್ ಕೋಡ್ ಅಂಟಿಸಿದರೆ ಸಾಲದೇ ಎಂಬ ಮಾತಿದೆ. ಅಂಟಿಸಲಿ. ‘ಬದಲು’ ಎಂಬ ಪದಕ್ಕೆ ಮಾತ್ರ ನನ್ನ ತಕರಾರು.

ಈ ಕೋಡ್ ಹುಟ್ಟಿದ್ದೂ ಕಾರ್ಖಾನೆಗಾಗಿಯೇ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿದರು. ಒಂದಿಷ್ಟು ಮಾಸಿದರೂ ಫೋನ್ ಓದಿಕೊಳ್ಳುತ್ತದೆ. ಸಗಣಿ ಸಿಡಿಯುವ ಜಾಗಕ್ಕೆ ಹೇಳಿ ಮಾಡಿಸಿದಂತಿದೆ! ತರಬೇತಿ ಶಿಬಿರಕ್ಕಂತೂ ಬೇಕೇ ಬೇಕು. ಕೆಚ್ಚಲು ಬಾವಿನ ಬಗ್ಗೆ ಡಾಕ್ಟರು ಪರದೆ ಮೇಲೆ ತೋರಿಸುವ ಚಿತ್ರ ಹಿಂದೆ ಕೂತವರಿಗೆ ಕಾಣುವುದಿಲ್ಲ. ಕೊನೆಗೊಂದು ಕೋಡ್ ತೋರಿಸಿದರೆ ಮನೆಯಲ್ಲಿ ರಾಸಿನ ಪಕ್ಕ ನಿಂತೇ ನೋಡಬಹುದು.

ಲೆಕ್ಕಪತ್ರದ ವಿಷಯ ಬೇರೆ. ವರದಿ ಆ ಚೌಕದೊಳಗೆ ಇರುವುದಿಲ್ಲ. ಅತಿ ದೊಡ್ಡ ಕೋಡ್‌ಗೂ 2,953 ಬೈಟ್‌ಗಿಂತ ಹೆಚ್ಚು ಹಿಡಿಸದು. ಕನ್ನಡದ ‘ಕ’ಕ್ಕೆ 3 ಬೈಟ್, ‘ಕಿ’ಗೆ 6 ಬೈಟ್ ಬೇಕು. ಹಾಗಾಗಿ ಅಲ್ಲಿರುವುದು ಬರೀ ವಿಳಾಸ. ಕಡತ ಇರುವುದು ಇನ್ನೆಲ್ಲೋ, ಬಹುಶಃ ಯಾರೋ ಒಬ್ಬರ ಗೂಗಲ್ ಡ್ರೈವ್‌ನಲ್ಲಿ. ಅವರು ಎಲ್ಲರಿಗೂ ತೆರೆದಿಡದಿದ್ದರೆ ನಮ್ಮ ಫೋನ್ ‘ಅನುಮತಿ ಬೇಕು’ ಎನ್ನುತ್ತದೆ. ಪುಕ್ಕಟೆ ಜಾಲತಾಣಗಳಲ್ಲಿ ಮಾಡಿಸಿದ ಕೆಲವು ಕೋಡ್‌ಗಳು ಅವಧಿ ಮುಗಿದರೆ ತೆರೆಯುವುದೇ ಇಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡದು. ಗೋಡೆಯ ಕೋಡ್ ಹಾಗೇ ಇದ್ದರೂ ಅದು ತೋರಿಸುವ ಕಡತವನ್ನು ಬದಲಿಸಲು ಬರುತ್ತದೆ. ಸೋಮವಾರ ನೋಡಿದ ಪಶು ಆಹಾರದ ಲೆಕ್ಕವೇ ಸಭೆಯ ದಿನವೂ ಇದೆ ಎಂದು ಯಾರು ಹೇಳಬೇಕು? ಯಾರ ಮೇಲೂ ಅನುಮಾನಪಟ್ಟು ಈ ಮಾತು ಆಡುತ್ತಿಲ್ಲ. ಅಡಾವೆ ಪತ್ರಿಕೆಗೆ ಕೈ ಎತ್ತಿ ಒಪ್ಪಿಗೆ ಕೊಡುವವರು ನಾವು. ಓದಿದ್ದೂ ಒಪ್ಪಿದ್ದೂ ಒಂದೇ ಆಗಿರಬೇಡವೇ?

ಅದೂ ಅಲ್ಲದೆ ಎಷ್ಟೋ ಮನೆಗಳಲ್ಲಿ ಹಾಲು ಕರೆಯುವುದು ತಾಯಿ, ಸದಸ್ಯತ್ವವೂ ಅವರದೇ; ಸ್ಮಾರ್ಟ್‌ಫೋನ್ ಮಾತ್ರ ಪಾಳಿಗೆ ಹೋದ ಮಗನ ಜೇಬಿನಲ್ಲಿ.

ಆದ್ದರಿಂದ ಅಧ್ಯಕ್ಷರು, ಕಾರ್ಯದರ್ಶಿಗಳು ಪುಟಪುಟಕ್ಕೂ ಸಹಿ ಮಾಡಿದ ಪ್ರತಿ ನೋಟಿಸ್ ಬೋರ್ಡಿನಲ್ಲಿರಲಿ, ಕೇಳಿದ ಸದಸ್ಯರ ಕೈಗೂ ಸಿಗಲಿ. ಪಕ್ಕದಲ್ಲಿ ಕೋಡ್ ಅಂಟಿಸಿ, ಏನು ತೆರೆಯುತ್ತದೆ, ಯಾವ ತಾರೀಖಿನದು, ಎಷ್ಟು ಪುಟ ಎಂದು ಕೆಳಗೆ ಬರೆಯಲಿ. ಹಣ ಕಟ್ಟುವ ಕೋಡ್ ಅದೇ ಗೋಡೆಯಲ್ಲಿ ಬೇಡ. ವರದಿ ನೋಡಲು ಹೋದಾಗ ಯುಪಿಐ ಪಿನ್ ಕೇಳಿದರೆ ಅಲ್ಲಿಗೇ ಮುಚ್ಚಿ, ಕಾರ್ಯದರ್ಶಿಗಳನ್ನು ಕರೆದು ತೋರಿಸಿ.