ಚರ್ಮದ ತೇವ: ಕೈಯ ಸ್ಪರ್ಶ, ಯಂತ್ರದ ಸ್ಪರ್ಶ

ಮಾರ್ಗಶಿರ, ಪುಷ್ಯ ಮಾಸಗಳ ಒಣಗಾಳಿ ಬೀಸತೊಡಗಿದರೆ ಸಮೇತನಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಹಿಮ್ಮಡಿ ಒಡೆದವರು, ಮೈ ನವೆಯೆನ್ನುವವರು ಹೆಚ್ಚಾಗಿ ಬರುತ್ತಾರೆ. ದರ್ಶನ, ಸ್ಪರ್ಶನ, ಪ್ರಶ್ನವೆಂಬ ತ್ರಿವಿಧ ಪರೀಕ್ಷೆಯನ್ನು ನಂಬಿ ಬಂದವರು ನಾವು. ಆದರೆ ಸ್ಪರ್ಶಕ್ಕೂ ಮಿತಿಯಿದೆ. ಮುಟ್ಟಿದ ಕ್ಷಣದ ಸ್ಥಿತಿಯನ್ನಷ್ಟೇ ಅದು ಹೇಳಬಲ್ಲದು.

ಕೆಲವು ವರ್ಷಗಳ ಹಿಂದೆ ಮಧುಮೇಹವಿದ್ದ ಹಿರಿಯ ರೈತರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ವೈದ್ಯರಲ್ಲಿಗೆ ಹೋಗುವುದೆಂದು ಪ್ರತಿಸಲವೂ ಕಾಲಿಗೆ ಎಣ್ಣೆ ಸವರಿಕೊಂಡೇ ಬರುತ್ತಿದ್ದರು. ಮುಟ್ಟಿದ ನಮಗೆ ಪಾದ ಮೃದುವಾಗಿಯೇ ತೋರಿತು. ಉಳಿದ ದಿನಗಳಲ್ಲಿ ಅದು ಒಣಗಿ ಬಿರಿಯುತ್ತಿದ್ದುದು ತಿಳಿಯಲಿಲ್ಲ. ಬಿರುಕಿನಲ್ಲಿ ಕೀವು ತುಂಬಿ, ಕೊನೆಗೆ ಬೆರಳೊಂದನ್ನು ತೆಗೆಯಬೇಕಾಯಿತು. ಮಧುಮೇಹದಿಂದ ನರಗಳು ಕುಂದಿದಾಗ ಪಾದದ ಬೆವರು ಕಡಿಮೆಯಾಗುತ್ತದೆ, ನೋವೂ ತಿಳಿಯದಾಗುತ್ತದೆ. ಇದನ್ನು ಬಲ್ಲ ನಾವೇ ಕೇಳಬೇಕಾದ ಪ್ರಶ್ನೆಯನ್ನು ಅಂದು ಕೇಳಲಿಲ್ಲ.

ಆದ್ದರಿಂದ, ದಿನಗಟ್ಟಲೆ ಮೈಮೇಲೆ ಧರಿಸಿ ಚರ್ಮದ ತೇವವನ್ನು ಅಳೆಯುವ ಸೆನ್ಸರ್‌ಗಳನ್ನು ನಾವು ಸ್ವಾಗತಿಸುತ್ತೇವೆ. ನೀರಿನ ಅಂಶ ಏರಿಳಿದಂತೆ ಚರ್ಮದ ವಿದ್ಯುತ್ ಗುಣವೂ ಬದಲಾಗುತ್ತದೆ. ಅವು ಅಳೆಯುವುದು ಆ ಬದಲಾವಣೆಯನ್ನು. ಆದರೆ ಗಾಳಿಯಾಡದ ಪ್ಲಾಸ್ಟಿಕ್ ಪಟ್ಟಿಯನ್ನು ಅಂಟಿಸಿದರೆ ಬೆವರು ಒಳಗೇ ನಿಂತು ಚರ್ಮ ನೆನೆಯುತ್ತದೆ, ತುರಿಕೆ ಹುಟ್ಟುತ್ತದೆ, ಅಳತೆಯೂ ಸುಳ್ಳಾಗುತ್ತದೆ. 2017ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕಾವೊ ಸೊಮೆಯಾ ಅವರ ತಂಡವು ಚರ್ಮದ ಮೇಲೆ ಕೂರುವ ಚಿನ್ನದ ಅತಿಸೂಕ್ಷ್ಮ ಜಾಲರಿಯನ್ನು ಪ್ರಕಟಿಸಿತು. ನೀರು ಸಿಂಪಡಿಸಿದರೆ ಆಧಾರದ ಎಳೆಗಳು ಕರಗಿ ಜಾಲರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಗಾಳಿಗೂ ಬೆವರಿಗೂ ದಾರಿ ಉಳಿಯುತ್ತದೆ. 20 ಜನರ ಮೈಮೇಲೆ ಒಂದು ವಾರ ಇರಿಸಿ ಪರೀಕ್ಷಿಸಿದಾಗ ಉರಿಯೂತ ಕಾಣಲಿಲ್ಲ. ಅದು ತೇವವನ್ನು ಅಳೆಯಲೆಂದೇ ಮಾಡಿದ್ದಲ್ಲ. ಆದರೂ ಧರಿಸುವ ಸಾಧನ ಹೇಗಿರಬೇಕೆಂಬುದಕ್ಕೆ ಅದು ಮಾದರಿ.

ಇಂತಹ ಸಾಧನವು ನಗರದ ಸೌಂದರ್ಯ ಚಿಕಿತ್ಸೆಗಿಂತ ಮೊದಲು ಹಳ್ಳಿಯ ಮಧುಮೇಹಿಗಳ ಪಾದಕ್ಕೆ ದೊರೆಯಬೇಕು, ಬಡವರ ಕೈಗೆಟುಕುವ ಬೆಲೆಗೆ ದೊರೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಯಂತ್ರ ಅಂಕಿಯನ್ನು ಕೊಡುತ್ತದೆ. ಅದರ ಅರ್ಥವನ್ನು ರೋಗಿಯೊಡನೆ ಕುಳಿತು ವೈದ್ಯನೇ ತಿಳಿಯಬೇಕು.

ಅದು ಬರುವವರೆಗೆ ಭಕ್ತರು ಕಾಯಬೇಕಿಲ್ಲ. ರಾತ್ರಿ ಮಲಗುವ ಮುನ್ನ ಪಾದಗಳನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಕಣ್ಣು ಮಂದವಾಗಿದ್ದರೆ ಮನೆಯವರು ನೋಡಲಿ. ಹಿಮ್ಮಡಿಗೆ ಎಳ್ಳೆಣ್ಣೆ ಹಚ್ಚಿರಿ. ಮಧುಮೇಹವಿದ್ದವರು ಬೆರಳ ಸಂದಿಗೆ ಹಚ್ಚಬಾರದು, ಅಲ್ಲಿ ಒಣಗಿರಬೇಕು. ಬಿರುಕು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬರುವ ದಿನ ಮಾತ್ರ ಎಣ್ಣೆ ಹಚ್ಚದೆ ಬನ್ನಿ.