ಕೂತು ಉಣ್ಣುವವರು, ನಿಂತು ಕುಡಿಯುವವರು

ಬೆಂಗಳೂರಿನ ಬಾರು-ಪಬ್ಬುಗಳಲ್ಲಿ ಊಟ ಬಹಳ ಚೆನ್ನಾಗಿರುತ್ತದೆ ಎಂದು ದೊಡ್ಡ ಪತ್ರಿಕೆಗಳು ಬರೆಯುತ್ತಲೇ ಇವೆ. ಯಾವ ಬೀದಿಯಲ್ಲಿ ಯಾವ ಕಬಾಬು, ಯಾವ ಬಿಯರಿಗೆ ಯಾವ ತಿಂಡಿ ಎಂಬ ವಿಮರ್ಶೆಗೆ ಪುಟಗಳೇ ಮೀಸಲು. ಮಾತು ಸುಳ್ಳಲ್ಲ. ಪಕ್ಷದ ಕೆಲಸಕ್ಕೆ ಹೋದಾಗ ನಾವೂ ಅಂಥ ಒಂದೆರಡು ಕಡೆ ಕೂತು ಉಂಡಿದ್ದೇವೆ. ಕುಡಿದಿರಾ ಎಂದು ಕೇಳುವ ಮಿತ್ರರಿಗೆ ಉತ್ತರ: ನಿಂಬೆಹಣ್ಣಿನ ಷರಬತ್ತು. ಊಟದ ಮೇಲೆ ನಮ್ಮ ತಕರಾರೇನೂ ಇಲ್ಲ. ತಕರಾರು ಇರುವುದು ಕುರ್ಚಿಯ ಮೇಲೆ.

ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ೧೯೪೦ರಲ್ಲಿ ಬೇಕರಿಯಾಗಿ ಹುಟ್ಟಿದ್ದು. ಇಂದು ಅಲ್ಲಿ ಒಂದು ಮೇಜಿನ ಮೇಲೆ ಕಾಫಿ, ಪಕ್ಕದ ಮೇಜಿನ ಮೇಲೆ ಬಿಯರು. ಪತ್ರಕರ್ತರು, ವಕೀಲರು, ನಾಟಕದವರು ಗಂಟೆಗಟ್ಟಲೆ ಹರಟುತ್ತಾರೆ. ೧೯೮೦ರ ದಶಕದಲ್ಲಿ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಸುತ್ತ ಪಬ್ಬುಗಳೆದ್ದವು. ೨೦೧೦ರ ನಂತರ ತಮ್ಮಲ್ಲೇ ಬಿಯರು ಕಾಯಿಸುವ ಅಂಗಡಿಗಳು ಬಂದವು. ಮೆಜೆಸ್ಟಿಕ್ಕಿನ ಸಾಧಾರಣ ಬಾರಿನಲ್ಲೂ ಚಿಲ್ಲಿ ಚಿಕನ್ನು, ಮೆಣಸು ಹಾಕಿದ ಮೊಟ್ಟೆ, ಕಾಂಗ್ರೆಸ್ ಕಡಲೆಬೀಜ ಸಿಗುತ್ತವೆ. ೧೯೬೯ರಲ್ಲಿ ಆ ಪಕ್ಷ ಎರಡು ಹೋಳಾದ ಹಾಗೆ ಬೀಜವೂ ಹೋಳಾಗಿರುವುದರಿಂದ ಆ ಹೆಸರು ಎನ್ನುತ್ತಾರೆ. ಹೋಳಾಗುವ ವಿದ್ಯೆಯಲ್ಲಿ ಸಮಾಜವಾದಿಗಳಾದ ನಾವೂ ಯಾರಿಗೂ ಕಡಮೆಯಲ್ಲವಾದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡೋಣ.

ಈಗ ಅದೇ ಬೀದಿಯ ವೈನ್ ಶಾಪಿನ ಮುಂದೆ ನಿಂತು ನೋಡಿರಿ. ೧೯೬೮ರ ಅಬ್ಕಾರಿ ನಿಯಮಗಳಲ್ಲಿ ಎರಡು ಬಗೆಯ ಸನ್ನದುಗಳಿವೆ. ಸಿಎಲ್-೯ ಎಂದರೆ ಬಾರು. ಅಲ್ಲಿ ಕೂತು ಕುಡಿಯಬಹುದು, ತಿನ್ನಬಹುದು. ಸಿಎಲ್-೨ ಎಂದರೆ ಬರಿಯ ಅಂಗಡಿ. ಸೀಸೆ ಕೊಂಡು ಹೊರಟುಹೋಗಬೇಕು. ಬಾರಿನಲ್ಲಿ ಅದೇ ಸೀಸೆಗೆ ಬೆಲೆ ಹೆಚ್ಚು, ಆದ್ದರಿಂದ ಗಾರೆ ಕೆಲಸದವನೂ ಹಮಾಲಿಯೂ ಹೋಗುವುದು ಅಂಗಡಿಗೆ. ಹೊರಟುಹೋಗು ಎಂದರೆ ಎಲ್ಲಿಗೆ? ಎಂಟು ಜನ ಮಲಗುವ ಶೆಡ್ಡಿಗೋ? ಅವನು ಅಲ್ಲೇ ಚರಂಡಿಯ ಅಂಚಿನಲ್ಲಿ ನಿಂತು, ಪೋಲೀಸು ಬಂದಾನೆಂಬ ಭಯದಲ್ಲಿ, ತೊಂಬತ್ತು ಮಿಲಿಲೀಟರಿನ ಪ್ಯಾಕೆಟ್ಟನ್ನು ಎರಡೇ ಗುಟುಕಿಗೆ ಮುಗಿಸುತ್ತಾನೆ. ನೀರಿಲ್ಲ, ತುತ್ತು ಅನ್ನವಿಲ್ಲ.

ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ರಕ್ತಕ್ಕೆ ಸೇರುವುದು ನಿಧಾನ, ಖಾಲಿ ಹೊಟ್ಟೆಯಾದರೆ ಬೇಗ. ಯಾವ ವೈದ್ಯರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಎರಡು ಗಂಟೆ ಕಟ್ಲೆಟ್ಟು ತಿನ್ನುತ್ತ ಕುಡಿದವನು ಚರ್ಚೆ ಮಾಡಿ ಮನೆಗೆ ಹೋಗುತ್ತಾನೆ. ಎರಡು ನಿಮಿಷದಲ್ಲಿ ಕುಡಿದವನು ಬೀದಿಯಲ್ಲಿ ಬೀಳುತ್ತಾನೆ. ಆಗ ಸಭ್ಯರು ಮೂಗು ಮುಚ್ಚಿಕೊಂಡು ಹೇಳುತ್ತಾರೆ: ನೋಡಿ, ಈ ಜನಕ್ಕೆ ಸಂಸ್ಕಾರವಿಲ್ಲ!

ಸಾರಾಯಿಯನ್ನು ೨೦೦೭ರ ಜುಲೈ ೧ರಿಂದ ನಿಲ್ಲಿಸಿದರು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಬಹಳ ಮಂದಿ ಅಗ್ಗದ ವಿಸ್ಕಿಗೆ ಬಂದರು. ಅಬ್ಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬರುವ ಹಣ ವರ್ಷಕ್ಕೆ ೩೦ ಸಾವಿರ ಕೋಟಿ ರೂಪಾಯಿ ದಾಟಿದೆ. ಸರ್ಕಾರದ್ದೇ ಆದ ಎಂ.ಎಸ್.ಐ.ಎಲ್. ಕೂಡ ಮದ್ಯದ ಅಂಗಡಿ ನಡೆಸುತ್ತದೆ. ನಾವು ಮೇಷ್ಟರಾಗಿದ್ದಾಗ ಮಕ್ಕಳು ಬರೆಯುತ್ತಿದ್ದ ಲೇಖಕ್ ನೋಟ್‌ಬುಕ್ಕಿನ ಕಂಪನಿಯೇ ಅದು.

ಕುಡಿತವನ್ನೇ ನಿಲ್ಲಿಸಬೇಕು, ಕುಡುಕನಿಗೆ ಕುರ್ಚಿ ಹಾಕುವುದು ಯಾವ ಸಮಾಜವಾದ ಎಂದು ನಮ್ಮ ಸೋದರಿಯರು ಕೇಳುತ್ತಾರೆ. ಸಂಬಳದ ದಿನ ಮಿಲ್ಲಿನ ಗೇಟಿನಲ್ಲಿ ಗಂಡನಿಗಾಗಿ ಕಾದು ನಿಂತವರು ಅವರು. ಅವರೆದುರು ವಾದ ಹೂಡಲು ನಮಗೆ ಮುಖವಿಲ್ಲ. ಆದರೆ ಕೇಳಬೇಕಾದ್ದು ಇಷ್ಟು: ಅಂಗಡಿ ತೆರೆದೇ ಇರುವಾಗ, ಅವನು ಹಸಿದು ಕುಡಿದು ಮನೆಗೆ ಬರುವುದು ಒಳ್ಳೆಯದೋ, ಉಂಡು ಬರುವುದೋ? ಹಸಿದು ಕುಡಿದವನ ಹೊಡೆತ ತಿನ್ನುವವರೂ ಅವರೇ ಅಲ್ಲವೇ?

೨೦೧೭ರಲ್ಲಿ ಇಂದಿರಾ ಕ್ಯಾಂಟೀನು ತೆರೆದು ಹತ್ತು ರೂಪಾಯಿಗೆ ಊಟ ಕೊಟ್ಟ ಸರ್ಕಾರಕ್ಕೆ, ತನ್ನ ಸನ್ನದಿನ ಅಂಗಡಿಯ ಬಳಿ ಒಂದು ಬೆಂಚು, ಒಂದು ನೀರಿನ ನಲ್ಲಿ, ಅಗ್ಗದ ಅನ್ನ-ಸಾರು ಒದಗಿಸುವುದು ಅಸಾಧ್ಯವೇ? ಅದೂ ಬೇಡವೆಂದರೆ, ಅಲ್ಲಿ ಈಗಾಗಲೇ ಅನ್ನ ಹಾಕುತ್ತಿರುವ ಗಾಡಿಯವರನ್ನಾದರೂ ಬಿಡಲಿ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು ೨೦೧೪ರಲ್ಲಿ ಕಾಯಿದೆಯೇ ಆಗಿದೆ. ಕಲಾಸಿಪಾಳ್ಯದ ಕಡೆ ಒಬ್ಬ ಮೊಟ್ಟೆ ಗಾಡಿಯವನನ್ನು ಕಂಡೆವು. ಪ್ಯಾಕೆಟ್ಟು ಹಿಡಿದು ಬಂದ ಪ್ರತಿಯೊಬ್ಬನಿಗೂ “ಬರೀ ಹೊಟ್ಟೇಲಿ ಹಾಕ್ಬೇಡಣ್ಣಾ, ಎರಡು ಮೊಟ್ಟೆ ತಿನ್ನು, ದುಡ್ಡು ನಾಳೆ ಕೊಡು” ಎನ್ನುತ್ತಿದ್ದ. ನಾವು ಮಾತಾಡುತ್ತಿದ್ದಂತೆಯೇ ಗಾಡಿ ಎತ್ತು ಎಂದು ಗದರುತ್ತ ಲಾಠಿ ಬಂತು. ವೈನ್ ಶಾಪಿನ ದೀಪ ಉರಿಯುತ್ತಲೇ ಇತ್ತು.